ಆರು ಮಿಲಿಮೀಟರ್ ಸೈನಿಕನ ಕಾಲ ಕೆಳಗಿನ ನೆಲ

ಮೇಜಿನ ಮೇಲೆ ಆಡುವ ಯುದ್ಧದಾಟದ ಆರು ಮಿಲಿಮೀಟರ್ ಎತ್ತರದ ಲೋಹದ ಗೊಂಬೆಗಳಿಗೆ ಬಣ್ಣ ಹಚ್ಚುವಲ್ಲಿ ಸೋಲುವವರು ಕಡಿಮೆ. ಸೋಲುವುದು ಅವು ನಿಲ್ಲುವ ನೆಲ ಮಾಡುವಾಗ. ನಾಲ್ಕು ಸಂಜೆ ಕಣ್ಣು ಕೀಲಿಸಿ ಕೂತು ಬಣ್ಣ ಹಚ್ಚಿ, ಕೊನೆಗೆ ಹತ್ತು ನಿಮಿಷದಲ್ಲಿ ಹಸಿರು ಪುಡಿ ಸುರಿದು ಎಲ್ಲವನ್ನೂ ಕೆಡಿಸಿಕೊಂಡವರನ್ನು ಸಾಕಷ್ಟು ನೋಡಿದ್ದೇನೆ.

ಮೊದಲು ಲೋಹದ ಚೂಪು ಅಂಚುಗಳನ್ನು ಅರದಿಂದ ಉಜ್ಜಿ, ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಲೋಹದಲ್ಲಿ ಸೀಸವಿರಬಹುದು, ಕೈಯನ್ನೂ ತೊಳೆದುಕೊಳ್ಳಿ.

ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳಪದರ, ಕಪ್ಪೇ ಇರಲಿ. ಕುಂಚ ತಲುಪದ ಸಂದುಗಳು ಆಗ ನೆರಳಾಗಿ ಕಾಣುತ್ತವೆ. ಬಿಳಿ ಬಳಿದರೆ ಅದೇ ಸಂದುಗಳು ಹಲ್ಲು ಕಿರಿಯುತ್ತವೆ. ಹೊಳಪಿನ ಅಗ್ಗದ ಸ್ಪ್ರೇ ಬೇಡವೇ ಬೇಡ, ಅದರ ಮೇಲೆ ಬಣ್ಣ ಕೂರುವುದಿಲ್ಲ.

1815ರ ವಾಟರ್‌ಲೂ ಕದನದ ಕಾಲದ ಬ್ರಿಟಿಷ್ ಕಾಲಾಳು ಎಂದುಕೊಳ್ಳೋಣ. ಕೆಂಪು ಕೋಟು, ಬೂದು ಷರಾಯಿ, ಎದೆಯ ಮೇಲೆ ಪಟ್ಟಿಗಳಿಗಾಗಿ ಒಂದನ್ನೊಂದು ಕತ್ತರಿಸುವ ಎರಡು ಬಿಳಿ ಗೀರು, ಮುಖಕ್ಕೊಂದು ಚುಕ್ಕೆ. ಇಷ್ಟು ಸಣ್ಣ ಗೊಂಬೆಯ ಮೇಲೆ ಬಣ್ಣ ಮಂಕಾಗಿ ಕಾಣುವುದರಿಂದ ನಿಜವಾದ ಕೆಂಪಿಗಿಂತ ಒಂದು ಛಾಯೆ ತಿಳಿಯಾದುದನ್ನು ಆರಿಸಿ. ಗುಂಡಿಗಳನ್ನು ಮರೆತುಬಿಡಿ. ಕಣ್ಣು ಬರೆಯಲು ಹೊರಟವರಿಗೆ ನನ್ನ ಬಳಿ ಸಲಹೆಯಿಲ್ಲ.

ಈಗ ನೆಲ. ಗೊಂಬೆಗಳು ಸಾಲಾಗಿ ಒಂದು ಪಟ್ಟಿಯ ಮೇಲೆ ಎರಕಗೊಂಡಿರುತ್ತವೆ. ಪಟ್ಟಿಯ ದಪ್ಪ ಒಂದು ಮಿಲಿಮೀಟರ್ ಇದ್ದರೂ ಸೈನಿಕನ ಅಳತೆಯಲ್ಲಿ ಅದು ಒಂದು ಅಡಿಯ ಜಗಲಿ. ಆ ಜಗಲಿಯನ್ನು ಅಳಿಸುವುದೇ ಇಡೀ ಕೆಲಸ.

ಎರಡು ಮಿಲಿಮೀಟರ್ ದಪ್ಪದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ತುಂಡಿಗೆ ಪಟ್ಟಿಗಳನ್ನು ಪಿವಿಎ ಅಂಟಿನಿಂದ, ಅಂದರೆ ಮರಕ್ಕೆ ಬಳಸುವ ಬಿಳಿ ಅಂಟಿನಿಂದ, ಅಂಟಿಸಿ. ರಟ್ಟು ಒಣಗುವಾಗ ಸೊಟ್ಟಗಾಗುತ್ತದೆ; ಸೂಪರ್‌ಗ್ಲೂ ಸಾಲು ಸರಿಪಡಿಸಲು ಬಿಡುವು ಕೊಡುವುದಿಲ್ಲ. ಒಂದು ರಾತ್ರಿ ಹಾಗೇ ಬಿಡಿ. ಗೋಡೆಗೆ ಹಚ್ಚುವ ಪುಟ್ಟಿಗೆ ಕಂದು ಅಕ್ರಿಲಿಕ್ ಬಣ್ಣ, ನಾಲ್ಕು ಹನಿ ಪಿವಿಎ ಸೇರಿಸಿ ಟೂತ್‌ಪೇಸ್ಟ್‌ನ ಹದಕ್ಕೆ ತನ್ನಿ. ಬಣ್ಣ ಬೆರೆಸದಿದ್ದರೆ ಮುಂದೆ ಚಕ್ಕೆಯೆದ್ದ ಕಡೆ ಬಿಳಿ ಇಣುಕುತ್ತದೆ. ಹಲ್ಲುಕಡ್ಡಿಯಿಂದ ಮೊದಲು ಎರಡು ಸಾಲುಗಳ ನಡುವೆ ತುಂಬಿ, ಅಂಚಿನಿಂದ ಶುರು ಮಾಡಿದವರಿಗೆ ಆಮೇಲೆ ಒಳಗೆ ಕೈ ಹೋಗುವುದಿಲ್ಲ. ನಂತರ ಪಟ್ಟಿಯ ಅಂಚಿನಿಂದ ಹೊರಗೆ ಇಳಿಜಾರು ಎಳೆಯಿರಿ. ಹಳೆಯ ಕುಂಚವನ್ನು ನೀರಿಗದ್ದಿ ಸವರಿದರೆ ಏರುತಗ್ಗು ಕರಗುತ್ತದೆ, ಬೂಟಿಗೆ ಮೆತ್ತಿದ್ದೂ ಬಿಡುತ್ತದೆ. ಒಂದೇ ಸಲ ದಪ್ಪಗೆ ಮೆತ್ತಿದರೆ ಬಿರುಕು ಖಚಿತ. ತೆಳುವಾಗಿ ಎರಡು ಸಲ ಹಚ್ಚಿ.

ನೆಲದ ಮೇಲೆ ಉದುರಿಸುವ ಮರಳು ಜರಡಿ ಹಿಡಿದದ್ದೇ ಆಗಬೇಕು, ಒಂದು ಮಿಲಿಮೀಟರ್ ಕಾಳು ಇಲ್ಲಿ ಬಂಡೆ. ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಕೃತಕ ಹುಲ್ಲು ಅಂಟಿಸುವ ಮೊದಲು, ತೇವದ ದಿನ ಬೇಡ, ಬೆಳ್ಳಗೆ ಮಂಜು ಕವಿಯುತ್ತದೆ. ಹುಲ್ಲು ಎರಡು ಮಿಲಿಮೀಟರ್ ಉದ್ದದ್ದು ಸಾಕು. ನಾಲ್ಕರದ್ದು ಸೈನಿಕನ ಎದೆಗೆ ಬರುತ್ತದೆ. ಅಲ್ಲಲ್ಲಿ ಹಾಕಿ, ಮಣ್ಣು ಕಾಣಲಿ.

ಕಂದು ಬೆರೆಸಿದ ಪ್ರಮಾಣವನ್ನು ಡಬ್ಬಿಯ ಮೇಲೆ ಬರೆದಿಡಿ. ನಾನು ಬರೆದಿಡಲಿಲ್ಲ, ನನ್ನ ಮೊದಲ ಸೇನೆಯಲ್ಲಿ ಅರ್ಧ ಕೆಮ್ಮಣ್ಣಿನ ಮೇಲೂ ಉಳಿದರ್ಧ ಎರೆಮಣ್ಣಿನ ಮೇಲೂ ನಿಂತಿದೆ.