ಕೇಕ್ ಪಾಪ್ ಕಡ್ಡಿಯಿಂದ ಜಾರಬಾರದು, ಚಾಕೊಲೇಟ್ ಬಿರುಕು ಬಿಡಬಾರದು

ರವೆ ಉಂಡೆ ಕಟ್ಟಲು ಬರುವವರಿಗೆ ಕೇಕ್ ಪಾಪ್ ಹೊಸ ವಿದ್ಯೆ ಏನಲ್ಲ. ಕೇಕನ್ನು ಪುಡಿ ಮಾಡಿ, ಹಿಡಿಯುವಷ್ಟು ಜಿಗುಟು ಸೇರಿಸಿ, ಉಂಡೆ ಕಟ್ಟಿ, ಕಡ್ಡಿಗೆ ಸಿಕ್ಕಿಸಿ, ಚಾಕೊಲೇಟಿನಲ್ಲಿ ಅದ್ದುವುದು. ಅಷ್ಟೇ. ಆದರೂ ನಮ್ಮ ಬಸವನಗುಡಿ ಕಡೆ ಎಷ್ಟೋ ಹೆಣ್ಣುಮಕ್ಕಳು ಮಗುವಿನ ಹುಟ್ಟುಹಬ್ಬಕ್ಕೆ ಅಂತ ಆಸೆಯಿಂದ ಶುರು ಮಾಡಿ, ಅರ್ಧದಲ್ಲೇ ಬೇಜಾರಾಗಿ ಕೈಬಿಡುತ್ತಾರೆ. ಉಂಡೆ ಜಾರಿ ಚಾಕೊಲೇಟ್ ಲೋಟಕ್ಕೇ ಬಿತ್ತು ಅನ್ನುತ್ತಾರೆ. ಅದ್ದುವಾಗ ಚೆನ್ನಾಗಿತ್ತು, ಹತ್ತು ನಿಮಿಷಕ್ಕೆ ಬಿರುಕು ಬಿಟ್ಟಿತು ಅನ್ನುತ್ತಾರೆ. ಇದಕ್ಕೆಲ್ಲ ಕಾರಣ ಎರಡೇ. ಒಂದು, ಉಂಡೆಯಲ್ಲಿ ತೇವ ಜಾಸ್ತಿ ಆಗಿರುತ್ತದೆ. ಇನ್ನೊಂದು, ಉಂಡೆ ತೀರಾ ತಣ್ಣಗಿರುತ್ತದೆ, ಚಾಕೊಲೇಟ್ ತೀರಾ ಬಿಸಿ ಇರುತ್ತದೆ. ಇವೆರಡನ್ನು ಹದದಲ್ಲಿ ಇಟ್ಟುಕೊಂಡರೆ ಓವನ್ ಇಲ್ಲದ ಮನೆಯಲ್ಲೂ ಬೇಕರಿಗೆ ಸರಿಸಮ ಮಾಡಬಹುದು.

ಮೊದಲು ಕೇಕ್. ನಾನು ಮೊಟ್ಟೆ, ಬೆಣ್ಣೆ ಎರಡೂ ಇಲ್ಲದೆ ಮಾಡುತ್ತೇನೆ. ಬರುವವರಲ್ಲಿ ಯಾರು ಏನು ತಿನ್ನುತ್ತಾರೋ ಅನ್ನುವ ಯೋಚನೆ ಇರುವುದಿಲ್ಲ. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಕಾಲು ಕಪ್ ಕೋಕೋ ಪುಡಿ, ಒಂದು ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಇಷ್ಟನ್ನು ಜರಡಿ ಹಿಡಿದು ಕಲಸಿ. ಆಮೇಲೆ ಕಾಲು ಕಪ್‌ಗಿಂತ ಸ್ವಲ್ಪ ಜಾಸ್ತಿ ಎಣ್ಣೆ, ಒಂದು ಟೇಬಲ್ ಚಮಚ ವಿನೆಗರ್, ಒಂದು ಟೀ ಚಮಚ ವೆನಿಲಾ ಎಸೆನ್ಸ್, ಒಂದು ಕಪ್ ನೀರು. ನೀರಿನಲ್ಲಿ ಅರ್ಧದಷ್ಟು ಆರಿದ ಕಾಫಿ ಡಿಕಾಕ್ಷನ್ ಹಾಕಿ ನೋಡಿ. ಕಾಫಿ ರುಚಿ ಮುಂದೆ ಬರುವುದಿಲ್ಲ, ಚಾಕೊಲೇಟ್ ರುಚಿ ಮಾತ್ರ ಗಾಢವಾಗುತ್ತದೆ. ವಿನೆಗರ್ ತಾಗಿದ ಕೂಡಲೇ ಸೋಡಾ ನೊರೆ ಎಬ್ಬಿಸಲು ಶುರು ಮಾಡುತ್ತದೆ. ಆದ್ದರಿಂದ ಕಲಸಿದ ಹಿಟ್ಟನ್ನು ಸುಮ್ನೆ ಇಟ್ಟುಕೊಂಡು ಕೂರಬೇಡಿ, ತಕ್ಷಣ ಬೇಯಲು ಇಡಿ. ಓವನ್ ಇದ್ದರೆ 180 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ಇಲ್ಲದಿದ್ದರೆ ಹಳೆಯ ಕುಕ್ಕರ್. ಗ್ಯಾಸ್ಕೆಟ್ಟು, ವಿಶಲ್ಲು ಎರಡನ್ನೂ ತೆಗೆದುಬಿಡಿ, ನೀರು ಹಾಕಬೇಡಿ, ತಳಕ್ಕೆ ಉಪ್ಪು ಹರಡಿ ಅದರ ಮೇಲೆ ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ. ಆಮೇಲೆ ಕೇಕ್ ಡಬ್ಬಿ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಿ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು. ಮಧ್ಯ ತಗ್ಗಿದರೂ, ಮೇಲೆ ಸೀಳಿದರೂ ಚಿಂತೆ ಇಲ್ಲ. ಹೇಗೂ ಪುಡಿ ಮಾಡುವುದು ತಾನೇ?

ಪುಡಿ ಮಾಡುವುದು ಮಾರನೆಯ ದಿನ. ಬಿಸಿ ಕೇಕ್ ಕೈಗೆ ಮೆತ್ತಿಕೊಳ್ಳುತ್ತದೆ, ಒಳಗಿನ ಹಬೆ ಉಂಡೆಯಲ್ಲೇ ಉಳಿದು ತೇವವಾಗುತ್ತದೆ. ಒಂದು ರಾತ್ರಿ ಮುಚ್ಚಿಟ್ಟ ಕೇಕ್ ಚೆನ್ನಾಗಿ ಉದುರುತ್ತದೆ. ಅಂಚಿನ ಗಟ್ಟಿ ಭಾಗವನ್ನೂ ಮೇಲಿನ ಒರಟು ಪದರವನ್ನೂ ಚಾಕುವಿನಿಂದ ತೆಗೆದುಬಿಡಿ. ಆ ಚೂರುಗಳು ಉಂಡೆಯಲ್ಲಿ ಸೇರಿದರೆ ಚಾಕೊಲೇಟ್ ಮೇಲೆ ಗಂಟು ಗಂಟಾಗಿ ಕಾಣುತ್ತವೆ. ಅದನ್ನು ಮಕ್ಕಳು ಹಾಲಿನ ಜೊತೆ ತಿನ್ನಲಿ. ಉಳಿದದ್ದನ್ನು ಎರಡೂ ಅಂಗೈ ನಡುವೆ ಉಜ್ಜಿ, ಸಣ್ಣ ರವೆಯಷ್ಟು ನುಣ್ಣಗೆ ಬರಬೇಕು. ಮಿಕ್ಸಿಯಲ್ಲಿ ಹಾಕಿದರೆ ಒಂದೆರಡು ಸಲ ತಿರುಗಿಸಿ ನಿಲ್ಲಿಸಿ. ಜಾಸ್ತಿ ತಿರುಗಿಸಿದರೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ.

ಮನೆಯಲ್ಲಿ ಕೇಕ್ ಮಾಡಲು ಪುರುಸೊತ್ತು ಇಲ್ಲವಾದರೆ ಅಯ್ಯಂಗಾರ್ ಬೇಕರಿಯ ಪ್ಲೇನ್ ಕೇಕ್ ತನ್ನಿ, ಎರಡು ಚಮಚ ಕೋಕೋ ಪುಡಿ ಬೆರೆಸಿ. ಹುಟ್ಟುಹಬ್ಬದ ಕ್ರೀಮ್ ಕೇಕ್ ಉಳಿದಿದ್ದರೂ ಆಗುತ್ತದೆ. ಅದರಲ್ಲಿ ಕ್ರೀಮ್ ಇರುವುದರಿಂದ ಬೇರೆ ಜಿಗುಟು ಬೇಡವೇ ಬೇಡ. ಆದರೆ ಫ್ರಿಜ್‌ನಲ್ಲೇ ಇದ್ದ ಕೇಕ್ ಆಗಿರಬೇಕು, ಮಾಡಿದ್ದನ್ನು ಅವತ್ತೇ ಖಾಲಿ ಮಾಡಬೇಕು.

ಈಗ ಮುಖ್ಯವಾದ ಮಾತು. ಕೇಕ್ ಪುಡಿಯನ್ನು ಹಿಡಿದಿಡಲು ನೂರು ಗ್ರಾಂ ಡಾರ್ಕ್ ಚಾಕೊಲೇಟಿಗೆ ನಾಲ್ಕು ಟೇಬಲ್ ಚಮಚ ಬಿಸಿ ಮಾಡಿದ ಫ್ರೆಶ್ ಕ್ರೀಮ್ ಸುರಿದು ಗನಾಶ್ ಮಾಡಿಕೊಳ್ಳಿ. ಕ್ರೀಮ್ ಬೇಡ ಅನ್ನುವವರು ಕಂಡೆನ್ಸ್ಡ್ ಮಿಲ್ಕ್ ಅಥವಾ ಮಿಕ್ಸೆಡ್ ಫ್ರೂಟ್ ಜಾಮ್ ಹಾಕಬಹುದು. ಏನೇ ಹಾಕಿದರೂ ಒಮ್ಮೆಗೇ ಸುರಿಯಬೇಡಿ. ಮೇಲೆ ಹೇಳಿದ ಅಳತೆಯ ಪೂರ್ತಿ ಕೇಕ್‌ಗೆ ಮೊದಲು ಮೂರು ಟೇಬಲ್ ಚಮಚ ಹಾಕಿ ಬೆರಳ ತುದಿಯಲ್ಲಿ ಕಲಸಿ. ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿಹಿಡಿಯಿರಿ. ಮುಷ್ಟಿ ಬಿಚ್ಚಿದಾಗ ಬೆರಳ ಗುರುತು ಹಾಗೇ ನಿಂತಿರಬೇಕು, ಅಂಗೈಗೆ ಅಂಟಿರಬಾರದು. ಹೆಬ್ಬೆರಳಿನಿಂದ ಒತ್ತಿದರೆ ಎರಡು ಹೋಳಾಗಬೇಕು, ಪುಡಿಪುಡಿಯಾಗಿ ಉದುರಬಾರದು. ಉದುರಿದರೆ ಇನ್ನೊಂದು ಚಮಚ ಹಾಕಿ, ಮತ್ತೆ ಇದೇ ರೀತಿ ನೋಡಿ. ಎಣ್ಣೆ ಹಾಕಿ ಮಾಡಿದ ಮೆತ್ತನೆಯ ಕೇಕ್‌ಗೆ ನಾಲ್ಕೈದು ಚಮಚ ಸಾಕಾಗುತ್ತದೆ. ಅಂಗಡಿಯ ಒಣ ಕೇಕ್‌ಗೆ ಸ್ವಲ್ಪ ಜಾಸ್ತಿ ಬೇಕಾಗಬಹುದು. ಅಳತೆಗಿಂತ ಮುಷ್ಟಿಯನ್ನೇ ನಂಬಿ. ಒದ್ದೆ ಹಿಟ್ಟಿನಂತೆ ಆಗಿಬಿಟ್ಟರೆ ಉಂಡೆ ಭಾರವಾಗಿ ಕಡ್ಡಿಯಲ್ಲಿ ನಿಲ್ಲುವುದಿಲ್ಲ, ತಿಂದಾಗಲೂ ಬೇಯದ ಹಿಟ್ಟು ತಿಂದ ಹಾಗೆ ಇರುತ್ತದೆ. ಅದಕ್ಕೆ ಒಂದಿಷ್ಟು ಪುಡಿಯನ್ನು ಮೊದಲೇ ಬೇರೆ ತೆಗೆದಿಟ್ಟುಕೊಂಡಿರಿ. ತೇವ ಜಾಸ್ತಿಯಾದರೆ ಸೇರಿಸಲು ಕೈಗೆ ಸಿಗುತ್ತದೆ.

ಉಂಡೆ 25ರಿಂದ 30 ಗ್ರಾಂ ಇರಲಿ. ಮಕ್ಕಳು ಎರಡು ಮೂರು ಸಲ ಕಚ್ಚಿ ಮುಗಿಸುವಷ್ಟು. ದೊಡ್ಡದು ನೋಡಲು ಚೆಂದ, ಆದರೆ ಜಾರುವುದೂ ಅದೇ ಮೊದಲು. ತೂಕದ ಯಂತ್ರ ಇಲ್ಲದಿದ್ದರೆ ಒಂದೇ ಚಮಚದಲ್ಲಿ ಸಮವಾಗಿ ತೆಗೆದುಕೊಳ್ಳಿ. ಮೊದಲು ಮುಷ್ಟಿಯಲ್ಲಿ ಬಿಗಿಯಾಗಿ ಒತ್ತಿ, ಆಮೇಲೆ ಅಂಗೈಯಲ್ಲಿ ಉರುಟು ಮಾಡಿ. ಒತ್ತದೆ ಬರೀ ಉರುಟು ಮಾಡಿದರೆ ಮೇಲೆ ನುಣುಪು, ಒಳಗೆ ಟೊಳ್ಳು. ಇಷ್ಟು ಕೇಕ್‌ಗೆ ಸುಮಾರು 25 ಉಂಡೆ ಬರುತ್ತವೆ. ತಟ್ಟೆಯಲ್ಲಿ ಜೋಡಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಫ್ರೀಜರ್ ಕಡೆ ಹೋಗಬೇಡಿ. ಕಲ್ಲಿನಂತೆ ತಣ್ಣಗಾದ ಉಂಡೆಯನ್ನು ಬಿಸಿ ಚಾಕೊಲೇಟಿನಲ್ಲಿ ಅದ್ದಿದರೆ ಹೊರಗಿನ ಪದರ ತಟಕ್ಕನೆ ಗಟ್ಟಿಯಾಗಿ ಕುಗ್ಗುತ್ತದೆ. ಒಳಗಿನ ಉಂಡೆ ನಿಧಾನಕ್ಕೆ ಬೆಚ್ಚಗಾಗುತ್ತಾ ಹಿಗ್ಗುತ್ತದೆ. ಒಂದು ಕುಗ್ಗಿ ಇನ್ನೊಂದು ಹಿಗ್ಗಿದರೆ ಬಿರುಕು ಬಿಡದೆ ಇನ್ನೇನಾಗುತ್ತದೆ?

ಚಾಕೊಲೇಟ್ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂದೆ ಓದಿ. ಕೋಕೋ ಬೆಣ್ಣೆ ಇರುವ ಶುದ್ಧ ಚಾಕೊಲೇಟ್ ರುಚಿಯಲ್ಲಿ ಮೇಲು. ಆದರೆ ಅದನ್ನು ಸುಮ್ನೆ ಕರಗಿಸಿ ಅದ್ದಿದರೆ ಹೊಳಪು ಬರುವುದಿಲ್ಲ, ಬಿಳಿ ಮಚ್ಚೆ ಬರುತ್ತದೆ, ಕೈಯಲ್ಲಿ ಹಿಡಿದರೆ ಮೆತ್ತುತ್ತದೆ. ಅದನ್ನು ಕರಗಿಸಿ, ತಣಿಸಿ, ಡಾರ್ಕ್ ಆದರೆ ಮತ್ತೆ 31-32 ಡಿಗ್ರಿಗೆ ತಂದು ಹದ ಮಾಡಬೇಕು. ಟೆಂಪರಿಂಗ್ ಅನ್ನುವುದು ಇದಕ್ಕೇ. ಥರ್ಮಾಮೀಟರ್ ಇಲ್ಲದೆ ಕಷ್ಟ. ಮಕ್ಕಳು ತಿನ್ನುವ ಡೈರಿ ಮಿಲ್ಕ್ ಬಾರ್ ಕರಗಿಸಿದರೂ ಇದೇ ಗತಿ. ಮನೆಯಲ್ಲಿ ಮಾಡುವವರಿಗೆ ಕಾಂಪೌಂಡ್ ಚಾಕೊಲೇಟೇ ಸರಿ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ, ಟೆಂಪರಿಂಗ್ ಬೇಕಿಲ್ಲ, ಆರಿದರೆ ತಾನಾಗಿ ಗಟ್ಟಿಯಾಗುತ್ತದೆ. ಎರಡನ್ನೂ ಬೆರೆಸಬೇಡಿ. ಆ ಎರಡು ಕೊಬ್ಬಿಗೆ ಒಂದಕ್ಕೊಂದು ಆಗಿಬರುವುದಿಲ್ಲ, ಮೆತ್ತಗೇ ಉಳಿಯುತ್ತದೆ. 25 ಪಾಪ್‌ಗೆ 400 ಗ್ರಾಂ ಸ್ಲ್ಯಾಬ್ ಒಂದು ಸಾಕು. ಶುದ್ಧ ಚಾಕೊಲೇಟನ್ನು ಒಳಗಿನ ಗನಾಶ್‌ಗೆ ಹಾಕಿ, ರುಚಿ ಅಲ್ಲಿ ಸಿಗುತ್ತದೆ. ಕೋಕೋ ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೇ ಬೆಳೆಯುತ್ತದೆ, ಪುತ್ತೂರಿನಲ್ಲಿ ಅಡಿಕೆ, ಕೋಕೋ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದವರ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ನಮ್ಮ ರೈತರು ಬೆಳೆದದ್ದು ಸಿಕ್ಕಿದರೆ ಅದನ್ನೇ ತನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಕರಗಿಸಲು ಪಾತ್ರೆಯಲ್ಲಿ ಎರಡು ಬೆರಳು ನೀರು ಕಾಯಿಸಿ, ಉರಿ ಆರಿಸಿ, ಮೇಲೆ ಸ್ಟೀಲ್ ಬಟ್ಟಲು ಕೂರಿಸಿ. ಬಟ್ಟಲಿನ ತಳ ನೀರಿಗೆ ತಾಗಬಾರದು. ಮೈಕ್ರೋವೇವ್ ಆದರೆ 30 ಸೆಕೆಂಡ್ ಇಟ್ಟು ತಿರುಗಿಸಿ, ಮತ್ತೆ 30 ಸೆಕೆಂಡ್. ಬಿಳಿ ಚಾಕೊಲೇಟ್ ಬೇಗ ಸೀದುಹೋಗುತ್ತದೆ, ಅದಕ್ಕೆ ಇನ್ನೂ ಕಡಿಮೆ ಹೊತ್ತು. ಒಂದು ಹನಿ ನೀರು ಬಿದ್ದರೂ ಚಾಕೊಲೇಟ್ ಗಂಟುಕಟ್ಟಿ ಒಣ ಮಣ್ಣಿನಂತೆ ಆಗುತ್ತದೆ. ಅದರಲ್ಲಿರುವ ಸಕ್ಕರೆ ಆ ತೇವ ಹೀರಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಚಮಚ ಒರೆಸಿ, ಕೈ ಒರೆಸಿ, ಬಟ್ಟಲಿನ ತಳಕ್ಕೆ ಅಂಟಿದ ಹಬೆಯನ್ನೂ ಒರೆಸಿ. ದಪ್ಪ ಅನ್ನಿಸಿದರೆ ಹಾಲು ಹಾಕಬೇಡಿ, 200 ಗ್ರಾಂಗೆ ಒಂದು ಟೀ ಚಮಚ ವಾಸನೆ ಇಲ್ಲದ ಎಣ್ಣೆ ಹಾಕಿ. ಚಮಚ ಎತ್ತಿದರೆ ದಾರದಂತೆ ಒಂದೇ ಸಮ ಇಳಿಯಬೇಕು. ಬಿಸಿ ಎಷ್ಟಿರಬೇಕು ಅಂದರೆ, ಒಂದು ಹನಿ ತುಟಿಯ ಕೆಳಗೆ ತಾಗಿಸಿಕೊಳ್ಳಿ. ಉಗುರುಬೆಚ್ಚಗೆ ಅನ್ನಿಸಿದರೆ ಸರಿ, ಸುಟ್ಟ ಹಾಗಾದರೆ ಐದು ನಿಮಿಷ ಬಿಡಿ.

ಕಡ್ಡಿಗೆ ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಕಾಗದದ ಲಾಲಿಪಾಪ್ ಕಡ್ಡಿಯೇ ಒಳ್ಳೆಯದು. ಚೂಪು ತುದಿಯ ಬಿದಿರಿನ ಕಡ್ಡಿ ಮಕ್ಕಳ ಕೈಗೆ ಕೊಡಬೇಡಿ, ಓಡಾಡುವಾಗ ಬಾಯಿಗೆ, ಕಣ್ಣಿಗೆ ಚುಚ್ಚೀತು. ಕಡ್ಡಿಯ ತುದಿಯನ್ನು ಒಂದು ಸೆಂಟಿಮೀಟರ್ ಚಾಕೊಲೇಟಿನಲ್ಲಿ ಅದ್ದಿ, ಉಂಡೆಯ ಅರ್ಧದವರೆಗೆ ಮಾತ್ರ ನೇರವಾಗಿ ಇಳಿಸಿ. ಅರ್ಧ ದಾಟಿದರೆ ಉಂಡೆ ಸೀಳುತ್ತದೆ. ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಆ ಚಾಕೊಲೇಟ್ ಗಟ್ಟಿಯಾಗಿ ಬೆಸುಗೆ ಕೂರುತ್ತದೆ. ಈ ಹೆಜ್ಜೆ ಬಿಟ್ಟವರದ್ದೇ ಉಂಡೆ ಲೋಟಕ್ಕೆ ಬೀಳುವುದು.

ಅದ್ದುವ ಮುಂಚೆ ಐದು ನಿಮಿಷ ಹೊರಗಿಡಿ. ಕರಗಿದ ಚಾಕೊಲೇಟನ್ನು ಅಗಲ ಬಟ್ಟಲಿನಲ್ಲಿ ಇಡುವುದಕ್ಕಿಂತ ಸಣ್ಣ, ಆಳದ ಗಾಜಿನ ಲೋಟಕ್ಕೆ ಸುರಿದುಕೊಳ್ಳಿ. ಉಂಡೆ ಪೂರ್ತಿ ಮುಳುಗಿ ಕಡ್ಡಿ ಸೇರುವ ಜಾಗವೂ ಮುಚ್ಚಬೇಕು. ಅಲ್ಲಿ ಸಂದು ಉಳಿದರೆ ಒಳಗಿನ ಜಿಡ್ಡು ಆ ಕಡೆಯಿಂದಲೇ ಹೊರಗೆ ಬರುತ್ತದೆ. ನೇರ ಇಳಿಸಿ, ನೇರ ಎತ್ತಿ. ಒಳಗೆ ತಿರುಗಿಸಬಾರದು. ಎತ್ತಿದ ಮೇಲೆ ಕಡ್ಡಿಯನ್ನು ಓರೆಯಾಗಿ ಹಿಡಿದು, ಹಿಡಿದ ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮೆಲ್ಲಗೆ ತಟ್ಟಿ, ಕಡ್ಡಿಯನ್ನು ನಿಧಾನಕ್ಕೆ ಸುತ್ತಿಸುತ್ತಿರಿ. ಹೆಚ್ಚಿನ ಚಾಕೊಲೇಟ್ ಹನಿಹನಿಯಾಗಿ ಲೋಟಕ್ಕೆ ಇಳಿಯುತ್ತದೆ. ಕಡ್ಡಿಯನ್ನೇ ಲೋಟದ ಅಂಚಿಗೆ ಬಡಿದರೆ ಉಂಡೆ ಸಡಿಲವಾಗುತ್ತದೆ. ಹನಿ ನಿಂತ ಮೇಲೆ ನೆಟ್ಟಗೆ ನಿಲ್ಲಿಸಿ. ಥರ್ಮೋಕೋಲ್ ಇದ್ದರೆ ಅದಕ್ಕೆ ಫಾಯಿಲ್ ಸುತ್ತಿ, ಇಲ್ಲದಿದ್ದರೆ ಬಿಳಿ ಚೂರು ಉದುರಿ ಅಂಟುತ್ತದೆ. ನನಗೆ ಇಷ್ಟವಾಗುವುದು ಅಕ್ಕಿ ಅಳೆಯುವ ಹಿತ್ತಾಳೆ ಸೇರು. ಅದಕ್ಕೆ ಅಕ್ಕಿ ತುಂಬಿ ಕಡ್ಡಿ ಊರಿದರೆ ಅಲುಗಾಡುವುದಿಲ್ಲ. ಆಮೇಲೆ ಅಕ್ಕಿ ಡಬ್ಬಕ್ಕೇ ವಾಪಸ್ಸು.

ಅಲಂಕಾರ ಅಂದರೆ ಬಣ್ಣದ ಸ್ಪ್ರಿಂಕಲ್ ಒಂದೇ ಅಲ್ಲ. ಗಾಂಧಿ ಬಜಾರಿನ ಅಂಗಡಿಗಳಲ್ಲೇ ಬೇಕಾದಷ್ಟಿದೆ. ಬಣ್ಣದ ಜೀರಿಗೆ ಪೆಪ್ಪರ್‌ಮೆಂಟು, ಹುರಿದ ಗಸಗಸೆ, ನುಣ್ಣಗೆ ತುರಿದ ಒಣ ಕೊಬ್ಬರಿ, ತರಿತರಿ ಮಾಡಿದ ಪಿಸ್ತಾ, ಕುಟ್ಟಿದ ಚಿಕ್ಕಿ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಯಲ್ಲಿ ಕೊಂಡ ಕಡಲೆಕಾಯಿ ಉಳಿದಿದ್ದರೆ ಹುರಿದು, ಸಿಪ್ಪೆ ತೆಗೆದು, ತರಿಯಾಗಿ ಕುಟ್ಟಿ ಹಚ್ಚಿ. ಚಾಕೊಲೇಟ್ ಜೊತೆ ಅದಕ್ಕೆ ಸಾಟಿ ಇಲ್ಲ. ಆದರೆ ಬೇರೆ ಮನೆಯ ಮಕ್ಕಳು ಬರುವುದಾದರೆ ಕಡಲೆಕಾಯಿ ಆಗದವರಿದ್ದಾರಾ ಅಂತ ತಾಯಂದಿರನ್ನು ಮೊದಲೇ ಕೇಳಿ. ಉದುರಿಸುವ ಕೆಲಸಕ್ಕೆ ಸಿಗುವುದು ಒಂದೇ ನಿಮಿಷ, ಕಾಂಪೌಂಡ್ ಬೇಗ ಆರುತ್ತದೆ. ಒಂದು ಅದ್ದಿ, ಅದಕ್ಕೆ ಉದುರಿಸಿ, ಆಮೇಲೆ ಇನ್ನೊಂದು ಅದ್ದಿ. ಗೆರೆ ಎಳೆಯುವುದು ಮಾತ್ರ ಪೂರ್ತಿ ಆರಿದ ಮೇಲೆ. ಕರಗಿದ ಬಿಳಿ ಚಾಕೊಲೇಟನ್ನು ಹಾಲಿನ ಕವರಿನಷ್ಟು ಗಟ್ಟಿ ಇರುವ ಹೊಸ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೂಲೆಯನ್ನು ಸೂಜಿ ತುದಿಯಷ್ಟು ಕತ್ತರಿಸಿ. ಉಂಡೆಯ ಮೇಲೆ ಕೈಯನ್ನು ಬೇಗ ಬೇಗ ಅತ್ತಿತ್ತ ಆಡಿಸಿ. ನಿಧಾನ ಮಾಡಿದರೆ ಗೆರೆ ಡೊಂಕಾಗುತ್ತದೆ. ಬಣ್ಣ ಬೇಕಿದ್ದರೆ ಎಣ್ಣೆಯಲ್ಲಿ ಬೆರೆಯುವ ಬಣ್ಣವನ್ನೇ ಕೇಳಿ ತನ್ನಿ. ಕೇಸರಿಬಾತಿಗೆ ಹಾಕುವ ನೀರಿನ ಬಣ್ಣ ಹಾಕಿದರೆ ಬಿಳಿ ಚಾಕೊಲೇಟ್ ಗಂಟುಕಟ್ಟುತ್ತದೆ. ಬೆಳ್ಳಿ ಬಣ್ಣದ ಗಟ್ಟಿ ಸಕ್ಕರೆ ಗುಂಡು, ಇಡೀ ಬಾದಾಮಿ ಇವೆಲ್ಲ ಪುಟ್ಟ ಮಕ್ಕಳಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಬಿರುಕು ಕಂಡರೆ ಬೇಸರ ಬೇಡ. ಟೂತ್‌ಪಿಕ್ಕಿನಲ್ಲಿ ಸ್ವಲ್ಪ ಚಾಕೊಲೇಟ್ ತುಂಬಿ, ಅದರ ಮೇಲೆ ಪಿಸ್ತಾ ಉದುರಿಸಿ.

ನಮ್ಮ ಬೆಂಗಳೂರಿನ ಡಿಸೆಂಬರ್, ಜನವರಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಮೇಜಿನ ಮೇಲಿಟ್ಟರೂ ಗಟ್ಟಿಯಾಗುತ್ತದೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತರೊಳಗೆ ಮುಗಿಸಿಬಿಡಿ. ಮಳೆಗಾಲದ ತೊಂದರೆ ಬೇರೆ. ಫ್ರಿಜ್‌ನಿಂದ ತೆಗೆದ ಕೂಡಲೇ ಉಂಡೆಯ ಮೇಲೆ ನೀರು ಬೆವರುತ್ತದೆ, ಬಣ್ಣದ ಸ್ಪ್ರಿಂಕಲ್ ಕರಗಿ ಹರಿಯುತ್ತದೆ. ಗಾಳಿ ಆಡದ ಡಬ್ಬಿಯಲ್ಲಿಟ್ಟು, ಹೊರಗೆ ತೆಗೆದ ಮೇಲೂ ಅರ್ಧ ಗಂಟೆ ಮುಚ್ಚಳ ತೆರೆಯದೆ ಬಿಟ್ಟರೆ ಬೆವರು ಡಬ್ಬಿಯ ಹೊರಗೇ ಉಳಿಯುತ್ತದೆ. ಗನಾಶ್ ಹಾಕಿದ ಪಾಪ್ ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ಹಬ್ಬದ ಹಿಂದಿನ ದಿನವೇ ಮಾಡಿ ಹೊರಗಿಡಬೇಕು ಅನ್ನುವವರು ಗನಾಶ್ ಬಿಟ್ಟು ಜಾಮ್ ಹಾಕಿ.

ಬಸವನಗುಡಿಯಿಂದ ವೈಟ್‌ಫೀಲ್ಡ್‌ಗೆ ಮೊಮ್ಮಕ್ಕಳ ಮನೆಗೆ ಒಯ್ಯುವಾಗ ಕಡ್ಡಿ ಕೆಳಗೆ ಮಾಡಿ ನಿಲ್ಲಿಸಬೇಡಿ. ದಾರಿಯ ಹಂಪ್‌ಗಳಿಗೆ ಒಂದೂ ಉಳಿಯುವುದಿಲ್ಲ. ಅದ್ದಿದ ಕೂಡಲೇ ಒಂದಷ್ಟನ್ನು ಬಟರ್ ಪೇಪರ್ ಮೇಲೆ ತಲೆಕೆಳಗಾಗಿ, ಕಡ್ಡಿ ಮೇಲೆ ಬರುವಂತೆ ಕೂರಿಸಿ ಆರಿಸಿ. ತಳ ಚಪ್ಪಟೆಯಾಗುತ್ತದೆ. ಒಂದೊಂದನ್ನೂ ಕಪ್‌ಕೇಕಿನ ಕಾಗದದಲ್ಲಿ ಇಟ್ಟು ಸ್ವೀಟ್ ಡಬ್ಬಿಯಲ್ಲಿ ಒತ್ತಾಗಿ ಜೋಡಿಸಿ. ಕಾರು ನಿಲ್ಲಿಸಿ ತರಕಾರಿಗೆ ಇಳಿದರೂ ಡಬ್ಬಿಯನ್ನು ಬಿಸಿಲಲ್ಲಿ ಒಳಗೆ ಬಿಡಬೇಡಿ, ಕೈಯಲ್ಲೇ ಹಿಡಿದುಕೊಂಡು ಹೋಗಿ.