ಮನೆಯಲ್ಲಿ ಯಾರು ಉಳಿಯುತ್ತಾರೆ? – ಪೋಡುಗಳಲ್ಲಿ ಆರೋಗ್ಯ ಸಂಯೋಜಕಿಯಾಗಿ ನನ್ನ ಅನುಭವ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸುತ್ತಲಿನ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಆರೋಗ್ಯ ಸಂಯೋಜಕಿಯಾಗಿ ಕೆಲಸಕ್ಕೆ ಸೇರಿದಾಗ ನನ್ನ ಕೈಗೆ ಮೂರು ರಿಜಿಸ್ಟರ್‌ಗಳು ಬಂದವು: ಗರ್ಭಿಣಿಯರದ್ದೊಂದು, ಮಕ್ಕಳ ಲಸಿಕೆಯದ್ದೊಂದು, ಕಾಗದದಲ್ಲಿ ಕುಡಗೋಲು ಕಣ ರಕ್ತಹೀನತೆ ಎಂದೂ ಎಲ್ಲರ ಬಾಯಲ್ಲಿ ಸಿಕಲ್ ಸೆಲ್ ಎಂದೂ ಕರೆಸಿಕೊಳ್ಳುವ, ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ವಂಶಪಾರಂಪರ್ಯ ಕಾಯಿಲೆಯದ್ದೊಂದು. ಒಂದೇ ಮನೆಯ ತಾಯಿ ಮೊದಲನೆಯದರಲ್ಲಿ, ಎರಡು ವರ್ಷದ ಮಗಳು ಎರಡನೆಯದರಲ್ಲಿ, ಹಿರಿಯ ಮಗ ಮೂರನೆಯದರಲ್ಲಿ ಇದ್ದರು. ಮೂವರಿಗೂ ಬೇರೆ ಬೇರೆ ದಿನ, ಬೇರೆ ಬೇರೆ ಊರಿಗೆ ಬರಹೇಳಿದ್ದೆವು. ಬೆಟ್ಟ ಇಳಿದು ಹತ್ತಿದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಅವರು ಬಾರದಿದ್ದಾಗ ‘ಸಹಕರಿಸುತ್ತಿಲ್ಲ’ ಎಂದು ರಿಜಿಸ್ಟರಿನಲ್ಲಿ ಬರೆಯುವುದು ರೂಢಿಯಾಗಿತ್ತು. ನಾನೂ ಹಾಗೆ ಬರೆದಿದ್ದೇನೆ.

ಆ ಹಿರಿಯ ಮಗನಿಗೆ ಆಗ ಒಂಬತ್ತು ವರ್ಷ. ಒಂದು ಬೆಳಿಗ್ಗೆ ಅವನಿಗೆ ಜ್ವರ, ಮೊಣಕಾಲಿನಲ್ಲಿ ತಡೆಯಲಾಗದ ನೋವು. ಸಿಕಲ್ ಸೆಲ್ ಇರುವ ಮಗುವಿಗೆ ಸೋಂಕಿನ ವಿರುದ್ಧ ಹೋರಾಡುವ ಗುಲ್ಮ ಸರಿಯಾಗಿ ಕೆಲಸ ಮಾಡದೆ ಸೋಂಕು ಬೇಗ ಏರುವುದರಿಂದ, ಜ್ವರ ಬಂದರೆ ನಾಳೆ ನೋಡೋಣ ಎನ್ನುವಂತಿಲ್ಲ. ರೆಫರಲ್ ಚೀಟಿ ಬರೆದು, ತಂದೆಯ ಜೊತೆ ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಕಳಿಸಿ, ನನ್ನ ಕೆಲಸ ಮುಗಿಯಿತೆಂದುಕೊಂಡೆ. ಮೂರನೆಯ ದಿನ ಇಬ್ಬರೂ ಹಿಂದಿರುಗಿದರು. ಜ್ವರಕ್ಕೆ ಇಂಜೆಕ್ಷನ್ ಆಗಿತ್ತು, ದಾಖಲಾತಿ ಆಗಿರಲಿಲ್ಲ. ಚೀಟಿಯಲ್ಲಿ ನಾನು ಬರೆದದ್ದು ಪೋಡಿನಲ್ಲಿ ಅವನನ್ನು ಕರೆಯುವ ಹೆಸರು. ಪಡಿತರ ಚೀಟಿಯಲ್ಲಿದ್ದದ್ದು ಶಾಲೆಯವರು ಇಟ್ಟ ಬೇರೆಯೇ ಹೆಸರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ಎರಡೂ ತಾಳೆಯಾಗದೆ, ತಂದೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಅಲೆದು, ಮಗನನ್ನು ಮಡಿಲಲ್ಲಿ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಕಳೆದಿದ್ದರು. ಆ ತಪ್ಪು ನನ್ನದೇ.

ಅದಾದ ಮೇಲೆ ಇನ್ನೂರು ಪುಟದ ಸಾದಾ ನೋಟ್‌ಬುಕ್ ಒಂದನ್ನು ತಂದು, ಕಾಯಿಲೆಗೊಂದು ಪುಟವೆಂಬ ಲೆಕ್ಕ ಬಿಟ್ಟು ಮನೆಗೊಂದು ಪುಟದಂತೆ ಬರೆಯತೊಡಗಿದೆ. ಪಡಿತರ ಚೀಟಿಯ ಹೆಸರು, ಕರೆಯುವ ಹೆಸರು, ಯಾರ ಫೋನಿಗೆ ಯಾವ ಬಂಡೆಯ ಮೇಲೆ ಸಿಗ್ನಲ್ ಸಿಗುತ್ತದೆ, ಯಾವ ತಿಂಗಳು ಯಾವ ಕೆಲಸಕ್ಕೆ ಹೋಗುತ್ತಾರೆ ಎಂಬುದೆಲ್ಲ ಅದರಲ್ಲಿ ಬಂತು. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಗಂಡಸರು ಜೇನಿಗೆ ಹೋಗಿರುತ್ತಾರೆ. ಕಾಫಿ ಕೊಯ್ಲು ಬಂತೆಂದರೆ ಮನೆಗೆ ಮನೆಯೇ ಎಸ್ಟೇಟಿಗೆ ಹೊರಡುತ್ತದೆ. ಇದು ತಿಳಿಯದೆ ತಪಾಸಣೆಯ ದಿನ ಗೊತ್ತುಮಾಡಿದರೆ ಬೀಗ ಹಾಕಿದ ಬಾಗಿಲನ್ನು ನೋಡಿ ಬರಬೇಕಾಗುತ್ತದೆ. ಲಸಿಕೆಗೆಂದು ಸಿಸ್ಟರ್ ಹೇಗೂ ಗುರುವಾರ ಬೆಟ್ಟಕ್ಕೆ ಬರುತ್ತಿದ್ದರಾದ್ದರಿಂದ, ಗರ್ಭಿಣಿಯರ ತಪಾಸಣೆಯನ್ನೂ ಸಿಕಲ್ ಸೆಲ್‌ನವರ ರಕ್ತ ಪರೀಕ್ಷೆಯನ್ನೂ ಅದೇ ದಿನಕ್ಕೆ ಹೊಂದಿಸಿದೆವು. ಹೇಳುವುದಕ್ಕೆ ಒಂದು ಸಾಲಿನ ಮಾತು; ಮೂರು ಕಡೆಯವರನ್ನು ಒಪ್ಪಿಸಲು ಐದು ತಿಂಗಳು ಹಿಡಿಯಿತು.

ನೋಟ್‌ಬುಕ್ಕಿನ ಕೊನೆಯ ಕಾಲಂ, ‘ಮನೆಯಲ್ಲಿ ಯಾರು ಉಳಿಯುತ್ತಾರೆ?’ ಎಂಬುದು ಮಾತ್ರ ನಾನು ಯೋಚಿಸಿ ಹಾಕಿದ್ದಲ್ಲ. ಆ ಹುಡುಗನ ತಾಯಿಗೆ ಎಂಟು ತಿಂಗಳು ತುಂಬಿ, ರಕ್ತ ಕಡಿಮೆಯಿದ್ದುದರಿಂದ ಹೆರಿಗೆಗೆ ಎರಡು ವಾರ ಮುಂಚೆಯೇ ಕೆಳಗೆ ಬಂದು ಆಸ್ಪತ್ರೆಯ ಹತ್ತಿರ ಇರಬೇಕೆಂದು ಕೇಳಲು ಹೋಗಿದ್ದೆ. ಸಂಜೆಯ ಮೇಲೆ ಕಾಡಿನ ಚೆಕ್‌ಪೋಸ್ಟ್ ಮುಚ್ಚುತ್ತದೆ. ಆಂಬುಲೆನ್ಸನ್ನು ಬಿಡುತ್ತಾರಾದರೂ ಅದು ಡಾಂಬರು ಮುಗಿಯುವಲ್ಲೇ ನಿಲ್ಲುತ್ತದೆ, ಅಲ್ಲಿಯವರೆಗೆ ಆನೆ ತಿರುಗುವ ದಾರಿಯಲ್ಲಿ ಜೋಳಿಗೆ ಕಟ್ಟಿ ಹೊರಬೇಕು. ಇಷ್ಟನ್ನೂ ವಿವರಿಸಿ ಹೇಳಿದೆ. ಆಕೆ ರಾಗಿ ಕೇರುವುದನ್ನು ನಿಲ್ಲಿಸದೆ, “ನಾ ಬತ್ತೀನಿ ಕಣಕ್ಕ. ಈ ಐಕ್ಳ ಯಾರು ನೋಡ್ಕತ್ತರೆ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹಿಂಜರಿಕೆ, ಮೂಢನಂಬಿಕೆ ಎಂದೆಲ್ಲ ತರಬೇತಿಯಲ್ಲಿ ಕೇಳಿಸಿಕೊಂಡಿದ್ದೆನೇ ಹೊರತು ಈ ಪ್ರಶ್ನೆಗೆ ಯಾರೂ ಸಿದ್ಧಗೊಳಿಸಿರಲಿಲ್ಲ.

ಪೋಡಿನ ಯಜಮಾನರ ಹತ್ತಿರ ಕೂತು ಮಾತಾಡಿದಾಗ ದಾರಿ ಹೊಳೆದದ್ದು ಅವರಿಗೇ: ಇನ್ನೊಂದು ಪೋಡಿನಲ್ಲಿದ್ದ ಆಕೆಯ ಅಕ್ಕನನ್ನು ಕರೆಸುವುದು. ಆದರೆ ಅಕ್ಕ ಬಂದರೆ ಅವಳ ಕೂಲಿ ಹೋಗುತ್ತದೆ, ಮನೆಯಲ್ಲಿ ಊಟದ ಬಾಯಿ ಹೆಚ್ಚುತ್ತದೆ. ಪರಿಶಿಷ್ಟ ಪಂಗಡಗಳ ಇಲಾಖೆಯಿಂದ ಬರುವ ಪೌಷ್ಟಿಕ ಆಹಾರದ ಕಿಟ್ ಆ ತಿಂಗಳು ತಡವಾಗಿತ್ತು. ಅದರ ಬೆನ್ನುಹತ್ತುವುದೇ ಅಲ್ಲಿಂದ ಮುಂದೆ ಎರಡು ವಾರ ನನ್ನ ‘ಆರೋಗ್ಯ ಸೇವೆ’ಯಾಯಿತು. ಆ ತಾಯಿ ಕೆಳಗೆ ಬಂದರು, ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ತಂದೆತಾಯಿ ಇಬ್ಬರೂ ವಾಹಕರಾದ್ದರಿಂದ (ತಮಗೆ ಕಾಯಿಲೆಯಿಲ್ಲದಿದ್ದರೂ ಅದರ ಜೀನ್ ಹೊತ್ತವರು) ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಸುಗೂಸಿನಲ್ಲಿ ಸಾಲ್ಯುಬಿಲಿಟಿ ಎಂಬ ಸರಳ ರಕ್ತ ಪರೀಕ್ಷೆಯನ್ನು ನಂಬುವಂತಿಲ್ಲವಾಗಿ, ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಪರೀಕ್ಷೆಗೇ ಮಾದರಿ ಕಳಿಸಿದೆವು. ಮಗು ವಾಹಕ ಮಾತ್ರ, ರೋಗಿಯಲ್ಲ ಎಂದು ಬಂತು.

ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ. ರಾಷ್ಟ್ರೀಯ ನಿರ್ಮೂಲನ ಅಭಿಯಾನ ಶುರುವಾದದ್ದು 2023ರ ಜುಲೈಯಲ್ಲಿ. ಅಭಿಯಾನ ಬಂದ ಮೇಲೆ ಪರೀಕ್ಷೆ ಸುಲಭವಾಗಿದೆ ಎಂಬುದನ್ನು ಒಪ್ಪಲೇಬೇಕು. ಪರೀಕ್ಷೆಯ ನಂತರದ ವರ್ಷಗಳೇ ಕಷ್ಟದವು. ನೋವು ಮರುಕಳಿಸುವುದನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆಯನ್ನು ಬಿಡದೆ ನುಂಗಬೇಕು, ನಡುನಡುವೆ ರಕ್ತಕಣಗಳ ಎಣಿಕೆ ನೋಡಬೇಕು. ಮನೆಯವರು ಕಾಫಿ ಕೆಲಸಕ್ಕೆ ಹೊರಡುವ ಮುನ್ನ ಎಸ್ಟೇಟಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಮಾತ್ರೆಯ ಪ್ರಮಾಣ, ಕೊನೆಯ ಎಣಿಕೆ ಮತ್ತು ಎರಡೂ ಹೆಸರುಗಳಿರುವ ಚೀಟಿಯನ್ನು ಕಳಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸಿಕಲ್ ಸೆಲ್ ಕೂಡ ಇದೆ ಎಂಬುದು ನಮ್ಮ ಕಡೆ ಬಹಳ ಮನೆಗಳಿಗೆ ಗೊತ್ತೇ ಇರಲಿಲ್ಲ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸುವುದೂ ಈಗ ಅದೇ ನೋಟ್‌ಬುಕ್ಕಿನ ಕೆಲಸ.

ಆ ಹುಡುಗ ಈಗ ಆಶ್ರಮ ಶಾಲೆಯ ಹಾಸ್ಟೆಲಿನಲ್ಲಿದ್ದಾನೆ. ಚಳಿಗೆ ಅವನ ನೋವು ಕೆರಳುತ್ತದೆ. ಮಾತ್ರೆಯ ಡಬ್ಬಿ ವಾರ್ಡನ್ ಹತ್ತಿರವಿದೆ. ಸ್ನಾನಕ್ಕೆ ದಿನಾ ಬೆಳಿಗ್ಗೆ ಒಂದು ಬಕೆಟ್ ಬಿಸಿನೀರು ಕೊಡಲು ಅಡುಗೆಯವರು ಒಪ್ಪಿದ್ದಾರೆ. ಅವರು ರಜೆ ಹಾಕಿದ ದಿನ ನೀರು ಕಾಯಿಸುವವರು ಯಾರೆಂದು ಕೇಳಿಕೊಂಡು ಬರಲು ಬರುವ ಗುರುವಾರ ಅಲ್ಲಿಗೆ ಹೋಗುವವಳಿದ್ದೇನೆ.