ಸೆನ್ಸರ್ ಕೋಡ್ ಬಂದ್ರೆ ಮೊದ್ಲು ಮೀಟರ್ ಹಿಡೀರಿ, ಸ್ಪೇರ್ ಅಂಗಡಿ ಆಮೇಲೆ

ಟಿಪ್ಪರ್‌ಗಳು ಲೈನಾಗಿ ನಿಂತಿರ್ತವೆ, ಎಕ್ಸ್‌ಕವೇಟರ್ ಕೆಲಸ ಜೋರಾಗಿ ನಡೀತಿರುತ್ತೆ, ಇದ್ದಕ್ಕಿದ್ದಂಗೆ ಡಿಸ್ಪ್ಲೇಲಿ ಎಂಜಿನ್ ಲೈಟ್, ತೊಂದರೆ ಕೋಡ್ ಬಂದು ರೇಸ್ (ಎಂಜಿನ್ ವೇಗ) ಬಿದ್ದೋಗುತ್ತೆ. ಡಯಲ್ ಪೂರ್ತಿ ತಿರುಗಿಸಿದ್ರೂ ಮೇಲೇಳಲ್ಲ, ಬಕೆಟ್ ಮಣ್ಣಿಗಿಟ್ರೆ ಎಂಜಿನ್ ಕುಸಿಯುತ್ತೆ. ಆಗ ಸೈಟಲ್ಲಿ ಎಲ್ಲರೂ ಹೇಳೋದು ಒಂದೇ, ‘ಸೆನ್ಸರ್ ಹೋಗಿದೆ, ಹೊಸದು ತರ್ಸಿ’. ನಮ್ಮ ಕಡೆ ಯಾವ ಕಂಪನಿ ಎಕ್ಸ್‌ಕವೇಟರ್ ಆದ್ರೂ ಹಿಟಾಚಿ ಅಂತಲೇ ಕರೀತೀವಲ್ಲ, ಹಂಗೇ ಯಾವ ಕೋಡ್ ಬಂದ್ರೂ ಸೆನ್ಸರ್ ಅಂತಲೇ ಅಂದ್ಬಿಡ್ತೀವಿ. ನಾನು ಬಿಚ್ಚಿ ನೋಡಿದ್ರಲ್ಲಿ ಬಹಳ ಸಲ ಸೆನ್ಸರ್ ಚೆನ್ನಾಗೇ ಇತ್ತು, ಕೆಟ್ಟಿದ್ದು ವೈರು, ಇಲ್ಲ ಕಪ್ಲರ್ (ವೈರು ಸೆನ್ಸರಿಗೆ ಸಿಕ್ಕಿಸೋ ಕನೆಕ್ಟರ್) ಪಿನ್ನು, ಇಲ್ಲ ಅರ್ತಿಂಗು. ಮಷಿನ್ ಓನರ್ ಕಷ್ಟಪಟ್ಟು ಕಂತು ಕಟ್ತಿರ್ತಾರೆ, ಸುಮ್ನೆ ಊಹೆ ಮೇಲೆ ಅವರ ದುಡ್ಡು ಖರ್ಚು ಮಾಡಿಸ್ಬಾರ್ದು.

ಕೋಡ್ ಬಂದ ತಕ್ಷಣ ಅಳಿಸೋಕೆ ಹೋಗ್ಬೇಡಿ, ಮೊಬೈಲಲ್ಲಿ ಫೋಟೋ ತಗೊಳ್ಳಿ. ಈಗ ಆಕ್ಟಿವ್ ಇರೋದು ಯಾವುದು, ಹಿಂದೆ ಬಂದು ಹೋಗಿದ್ದು ಯಾವುದು, ಎರಡೂ ಬರ್ಕೊಳ್ಳಿ. ಕೆಲವು ಕಂಪನಿಗಳು ತಮ್ಮದೇ ನಂಬರ್ ತೋರಿಸ್ತವೆ, ಅದಕ್ಕೆ ಆ ಮಷಿನ್ ಮ್ಯಾನ್ಯುಯಲ್ಲೇ ಬೇಕು, ಆದ್ರೆ ತುಂಬಾ ಎಂಜಿನ್‌ಗಳಲ್ಲಿ ಜೆ1939 ಪದ್ಧತಿ ಪ್ರಕಾರ ಎಸ್‌ಪಿಎನ್, ಎಫ್‌ಎಂಐ ಅಂತ ಎರಡು ನಂಬರ್ ಬರುತ್ತೆ. ಎಸ್‌ಪಿಎನ್ ಯಾವ ಜಾಗ ಅಂತ ಹೇಳುತ್ತೆ: 100 ಆಯಿಲ್ ಪ್ರೆಶರ್, 102 ಟರ್ಬೋ ಬೂಸ್ಟ್ (ಎಂಜಿನ್ನಿಗೆ ತುಂಬೋ ಗಾಳಿ ಒತ್ತಡ), 110 ಕೂಲಂಟ್ ಟೆಂಪರೇಚರ್, 157 ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚೋ ಪೈಪಿನ ಒತ್ತಡ), 190 ಎಂಜಿನ್ ಸ್ಪೀಡ್. ಎಫ್‌ಎಂಐ ಏನಾಗಿದೆ ಅಂತ ಹೇಳುತ್ತೆ, ಜನ ನೋಡದೇ ಬಿಡೋದು ಇದನ್ನೇ. 3 ಅಂದ್ರೆ ವೋಲ್ಟೇಜ್ ಜಾಸ್ತಿ, 4 ಅಂದ್ರೆ ಕಮ್ಮಿ, 5 ಅಂದ್ರೆ ಕರೆಂಟ್ ಕಮ್ಮಿ ಅಥವಾ ಲೈನ್ ಓಪನ್ (ಎಲ್ಲೋ ಕಟ್ ಆಗಿದೆ), 2 ಅಂದ್ರೆ ರೀಡಿಂಗ್ ಹುಚ್ಚುಚ್ಚಾಗಿ ಬರ್ತಿದೆ. ಇವು ಬಂದ್ರೆ ಮೊದ್ಲು ವೈರು, ಕಪ್ಲರ್, ಸೆನ್ಸರ್ ಕಡೆ ನೋಡ್ಬೇಕು. ಆದ್ರೆ 0, 1, 16, 18 ಬಂದ್ರೆ ಸೆನ್ಸರ್ ನಿಜ ಹೇಳ್ತಿದೆ ಅಂತಲೇ ಮೊದ್ಲು ತಿಳ್ಕೊಳ್ಳಿ, ನಿಜವಾಗ್ಲೂ ಪ್ರೆಶರ್ ಬಿದ್ದಿದೆ ಇಲ್ಲ ಹೀಟ್ ಏರಿದೆ. ಎಸ್‌ಪಿಎನ್ 100ಕ್ಕೆ ಎಫ್‌ಎಂಐ 1 ಬಂದಿದ್ರೆ, ಅಂದ್ರೆ ಆಯಿಲ್ ಪ್ರೆಶರ್ ತುಂಬಾ ಕಮ್ಮಿ, ಎಂಜಿನ್ ಆಫ್ ಮಾಡಿ, ಆಯಿಲ್ ಲೆವೆಲ್ ನೋಡಿ, ಸೆನ್ಸರ್ ಜಾಗಕ್ಕೆ ಮುಳ್ಳಿನ ಗೇಜ್ ಹಾಕಿ ಪ್ರೆಶರ್ ನೋಡದೇ ಓಡಿಸ್ಬೇಡಿ. ಸೆನ್ಸರ್ ಬದಲಾಯಿಸಿ ಓಡಿಸಿ ಬೇರಿಂಗ್ ಹಿಡಿಸ್ಕೊಂಡವರನ್ನ ನೋಡಿದೀನಿ, ಬಹಳ ಸಂಕಟ ಆಗುತ್ತೆ.

ಕೈ ಹಾಕೋಕೆ ಮುಂಚೆ ಬಕೆಟ್ ನೆಲಕ್ಕಿಳಿಸಿ, ಲಾಕ್ ಲಿವರ್ ಹಾಕಿ. ಬ್ಯಾಟರಿ ನೋಡಿ, 24 ವೋಲ್ಟ್ ಸಿಸ್ಟಮಲ್ಲಿ ನಿಂತಾಗ 25 ಹತ್ರ, ಎಂಜಿನ್ ಓಡುವಾಗ 28 ಆಸುಪಾಸು ಇರ್ಬೇಕು. ಬ್ಯಾಟರಿ ವೀಕಾಗಿ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ತುಂಬಾ ಬಿದ್ರೆ ಇಲ್ಲದ ಕೋಡೆಲ್ಲ ಬರುತ್ತೆ. ಬ್ಲಾಕಿಂದ ಬರೋ ಅರ್ತ್ ಪಟ್ಟಿ ಬಿಚ್ಚಿ, ಪೇಂಟು ತುಕ್ಕು ಉಜ್ಜಿ ಬಿಗಿ ಮಾಡಿ.

ಈಗ ದುಡ್ಡೇ ಖರ್ಚಾಗದ ಒಂದು ಪರೀಕ್ಷೆ. ರಾತ್ರಿ ಪೂರ್ತಿ ನಿಂತಿದ್ದ ಮಷಿನ್‌ಗೆ ಬೆಳಗ್ಗೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡ್ಬೇಡಿ, ಡಿಸ್ಪ್ಲೇಲಿ ಅಥವಾ ಸ್ಕ್ಯಾನರಲ್ಲಿ ಕೂಲಂಟ್, ಏರ್, ಡೀಸೆಲ್, ಹೈಡ್ರಾಲಿಕ್ ಆಯಿಲ್ ಟೆಂಪರೇಚರ್ ಎಲ್ಲಾ ನೋಡಿ. ಎಲ್ಲಾ ತಣ್ಣಗಿರೋದ್ರಿಂದ ಹೆಚ್ಚುಕಮ್ಮಿ ಒಂದೇ ತೋರಿಸ್ಬೇಕು, ಮೂರು 22, 23 ಅಂತಿದ್ದು ಒಂದು ಮಾತ್ರ 60 ಅಂದ್ರೆ ತಪ್ಪು ಅಲ್ಲೇ ಇದೆ. ಹಂಗೇ ಎಂಜಿನ್ ಆಫ್ ಇರುವಾಗ ರೈಲ್ ಪ್ರೆಶರ್ ಸೊನ್ನೆ ಹತ್ರ ಇರ್ಬೇಕು, ಸಿಗ್ನಲ್ ವೈರಲ್ಲಿ ಸುಮಾರು 0.5 ವೋಲ್ಟ್. ಬೂಸ್ಟ್ ಸೆನ್ಸರ್ ಒಟ್ಟು ಪ್ರೆಶರ್ ತೋರಿಸೋ ತರದ್ದಾದ್ರೆ ಹೊರಗಿನ ಗಾಳಿ ಒತ್ತಡನೇ ತೋರಿಸ್ಬೇಕು, ಮಂಗಳೂರಲ್ಲಿ 100 ಕಿಲೋಪಾಸ್ಕಲ್ ಚಿಲ್ಲರೆ, ಬೆಂಗಳೂರಲ್ಲಿ ಎತ್ತರ ಇರೋದ್ರಿಂದ 90ರ ಆಸುಪಾಸು.

ಕೂಲಂಟ್, ಏರ್ ತರ ಎರಡು ವೈರಿನ ಟೆಂಪರೇಚರ್ ಸೆನ್ಸರ್‌ಗೆ ಇನ್ನೊಂದು ಸುಲಭ ದಾರಿ ಇದೆ. ಎಫ್‌ಎಂಐ 4 ಇದ್ರೆ ಕಪ್ಲರ್ ಬಿಚ್ಚಿ, 3ಕ್ಕೆ ತಿರುಗಿತು ಅಂದ್ರೆ ವೈರು, ಇಸಿಎಂ (ಎಂಜಿನ್ ಕಂಪ್ಯೂಟರ್) ಎರಡೂ ಸರಿ, ಸೆನ್ಸರ್ ಒಳಗೆ ಶಾರ್ಟ್. ಎಫ್‌ಎಂಐ 3 ಇದ್ರೆ ವೈರಿಂಗ್ ಕಡೆ ಕಪ್ಲರಿನ ಎರಡು ಪಿನ್ನಿಗೆ ಒಂದು ಸಣ್ಣ ಜಂಪರ್ (ಎರಡನ್ನೂ ಸೇರಿಸೋ ತುಂಡು ವೈರು) ಹಾಕಿ, 4ಕ್ಕೆ ತಿರುಗಿದ್ರೆ ಸೆನ್ಸರ್ ಓಪನ್, ತಿರುಗ್ಲಿಲ್ಲ ಅಂದ್ರೆ ವೈರು ಎಲ್ಲೋ ಕಟ್ ಆಗಿರ್ಬಹುದು. ಮೂರು ವೈರಿನ ಪ್ರೆಶರ್ ಸೆನ್ಸರ್‌ಗೆ ಮಾತ್ರ ಈ ಜಂಪರ್ ಯಾವತ್ತೂ ಹಾಕ್ಬೇಡಿ.

ಮೂರು ವೈರು ಅಂದ್ರೆ ಒಂದು 5 ವೋಲ್ಟ್ ಸಪ್ಲೈ, ಒಂದು ಅರ್ತ್, ಒಂದು ಸಿಗ್ನಲ್. ಈ 5 ವೋಲ್ಟನ್ನ ಎರಡು ಮೂರು ಸೆನ್ಸರ್ ಹಂಚ್ಕೊಂಡಿರ್ತವೆ, ಜನ ಮೋಸ ಹೋಗೋದು ಇಲ್ಲೇ. ಒಂದ್ಸಲ ತುಮಕೂರು ಕಡೆ ಕೆರೆ ಹೂಳೆತ್ತೋ ಕೆಲಸದಲ್ಲಿ ಒಂದು ಮಷಿನ್ ನೋಡೋಕೆ ಹೋಗಿದ್ದೆ, ಆಗ್ಲೇ ರೈಲ್ ಸೆನ್ಸರ್, ಬೂಸ್ಟ್ ಸೆನ್ಸರ್ ಎರಡೂ ಹೊಸದು ಹಾಕಿದ್ರು, ಆದ್ರೂ ಬಕೆಟ್ ತುಂಬಿ ಎತ್ತಿದಾಗ ಎಂಜಿನ್ ಅದುರಿದ್ರೆ ಸಾಕು ರೇಸ್ ಬೀಳೋದು. ಕೋಡ್ ನೋಡಿದ್ರೆ 100, 102, 157 ಮೂರಕ್ಕೂ ಎಫ್‌ಎಂಐ 4, ಜೊತೆಗೆ 3509, ಅದು ಸೆನ್ಸರ್ ಸಪ್ಲೈದು. ಮೂರು ಸೆನ್ಸರ್ ಒಂದೇ ದಿನ ಹೆಂಗೆ ಹೋಗ್ತವೆ ಹೇಳಿ? ಎಂಜಿನ್ ಆಫ್ ಮಾಡಿ ಕೀ ಮಾತ್ರ ಆನ್ ಇಟ್ಟು ಕಪ್ಲರಲ್ಲಿ ಮೀಟರ್ ಹಿಡಿದ್ರೆ 5 ವೋಲ್ಟ್ ಇತ್ತು, ವೈರಿಂಗ್ ಕೈಯಲ್ಲಿ ಅಲ್ಲಾಡಿಸ್ತಾ ಹೋದ್ರೆ ಸ್ಟಾರ್ಟರ್ ಮೋಟಾರ್ ಮೇಲೆ ಬಂದಾಗ 1 ವೋಲ್ಟಿಗೆ ಬಿತ್ತು. ಮೂರೂ ಕಪ್ಲರ್ ಒಂದೊಂದಾಗಿ ಬಿಚ್ಚಿದ್ರೂ ಬೀಳೋದು ನಿಲ್ಲಲಿಲ್ಲ, ಅಂದ್ರೆ ಸೆನ್ಸರ್ ಅಲ್ಲ. ಅಲ್ಲಿ ಕ್ಲಿಪ್ಪಿನ ರಬ್ಬರ್ ಉದುರಿಹೋಗಿ ತಗಡು ವೈರನ್ನ ಕೊರೆದಿತ್ತು, ಅಕ್ಕಿಕಾಳಿನಷ್ಟು ಜಾಗದಲ್ಲಿ ತಾಮ್ರ ಕಪ್ಪಾಗಿ ಕಾಣ್ತಿತ್ತು, ಅದುರಿದಾಗೆಲ್ಲ ಬ್ಲಾಕಿಗೆ ತಾಗ್ತಿತ್ತು. ಒಂದು ಗೇಣು ವೈರಲ್ಲಿ ಮುಗೀತು. ಒಂದು ಕಪ್ಲರ್ ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂದ್ರೆ ಮಾತ್ರ ಆ ಸೆನ್ಸರ್ ಹೊಸದು ತನ್ನಿ.

ರೈಲ್ ಸೆನ್ಸರ್ ನಿಜವಾಗ್ಲೂ ಬದಲಾಯಿಸ್ಬೇಕಾದ್ರೆ ಹುಷಾರು, ಲೋಡಲ್ಲಿ ಓಡೋ ಎಂಜಿನ್ನಲ್ಲಿ ಅಲ್ಲಿ 1000 ಬಾರ್ ಮೇಲೆ ಪ್ರೆಶರ್ ಇರುತ್ತೆ, ಸೂಜಿಯಷ್ಟು ಲೀಕಾದ್ರೂ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಪ್ರೆಶರ್ ಇಳಿದಿದೆ ಅಂತ ನೋಡ್ಕೊಂಡೇ ಸ್ಪ್ಯಾನರ್ ಹಾಕಿ. ಕೆಲವು ಎಂಜಿನ್ನಲ್ಲಿ ರೈಲ್ ಸಮೇತ ಬದಲಾಯಿಸ್ಬೇಕು, ಮ್ಯಾನ್ಯುಯಲ್ ನೋಡಿ.

ಎಂಜಿನ್ ಬಿಸಿಯಾದ್ಮೇಲೆ ಆಫ್ ಆಗಿ, ತಣ್ಣಗಾದ್ಮೇಲೆ ಸ್ಟಾರ್ಟ್ ಆಗ್ತಿದ್ರೆ ಕ್ರ್ಯಾಂಕ್ ಸ್ಪೀಡ್ ಸೆನ್ಸರ್ ಮೇಲೆ ಅನುಮಾನ ಪಡಿ. ಬಿಚ್ಚಿ ತುದಿ ನೋಡಿ, ಅದು ಮ್ಯಾಗ್ನೆಟ್ ಆಗಿರೋದ್ರಿಂದ ಕಬ್ಬಿಣದ ಪುಡಿ ಅಂಟಿರುತ್ತೆ, ಒರೆಸಿ ಹಾಕಿದ್ರೇ ಎಷ್ಟೋ ಸಲ ಸರಿಹೋಗುತ್ತೆ. ಎರಡು ವೈರಿನದಾದ್ರೆ ಓಮ್ಸ್ ನೋಡಿ, ತಣ್ಣಗಿದ್ದಾಗ ಸರಿ ಇದ್ದು ಬಿಸಿಯಲ್ಲಿ ಓಪನ್ ತೋರಿಸಿದ್ರೆ ಹೊಸದೇ ಬೇಕು.

ವೈರ್ ಚೆಕ್ ಮಾಡೋಕೆ ಸೂಜಿ ಚುಚ್ಬೇಡಿ, ಆ ತೂತಲ್ಲಿ ಮಳೆಗಾಲದ ನೀರಿಳಿದು ಆರೇ ತಿಂಗಳಲ್ಲಿ ತಾಮ್ರ ಹಸಿರಾಗಿ ಪುಡಿಯಾಗುತ್ತೆ. ಕಪ್ಲರ್ ಹಿಂದಿಂದ ತೆಳ್ಳಗಿನ ಪಿನ್ ಹಾಕಿ ಅಳೀರಿ. ಜಾಯಿಂಟ್ ತಿರುಚಿ ಟೇಪ್ ಸುತ್ತಿದ್ರೆ ಎಂಜಿನ್ ಬಿಸಿಗೆ ಅಂಟು ಬಿಟ್ಕೊಳ್ಳುತ್ತೆ, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ವೈರಿಗೆ ಹಿಡಿಯೋ ಕೊಳವೆ) ಹಾಕಿ, ಲೋಹಕ್ಕೆ ಉಜ್ಜದಂಗೆ ಕ್ಲಿಪ್ಪಿಗೆ ರಬ್ಬರ್ ಕೊಡಿ. ಕಪ್ಲರಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಪಿನ್ ಸಡಿಲ ಇದ್ಯಾ ನೋಡಿ. ಬಕೆಟ್ ಹಲ್ಲು, ಬೂಮ್ ವೆಲ್ಡಿಂಗ್ ಮಾಡ್ಸೋವಾಗ ಕೀ ಆಫ್ ಮಾಡಿ ಒಂದೆರಡು ನಿಮಿಷ ಬಿಟ್ಟು ಬ್ಯಾಟರಿ ಟರ್ಮಿನಲ್ ತೆಗೆಯಿರಿ, ಅರ್ತ್ ಕ್ಲ್ಯಾಂಪ್ ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಹಾಕ್ಸಿ, ಇಲ್ಲಾಂದ್ರೆ ಇಸಿಎಂ ಹೋಗ್ಬಹುದು.

ಎಲ್ಲಾ ಆದ್ಮೇಲೆ ಕೋಡ್ ಅಳಿಸಿ, ಖಾಲಿ ಓಡಿಸಿ ಸರಿಯಾಯ್ತು ಅಂತ ಬರ್ಬೇಡಿ. ಆಯಿಲ್ ಬಿಸಿಯಾಗೋ ತನಕ ಫುಲ್ ಲೋಡಲ್ಲಿ ಅರ್ಧ ಗಂಟೆಯಾದ್ರೂ ಮಣ್ಣು ಎತ್ತಿಸಿ, ಮತ್ತೆ ಕೋಡ್ ಲಿಸ್ಟ್ ತೆಗೆದು ಆಪರೇಟರಿಗೂ ತೋರಿಸಿ.